ಬಂಡೆಯ ಮೇಲಿನ ರಾಗಿ

ಸುಮತಿ, ಕೇತಜ್ಜನನ್ನು ಪೊಲೀಸರು ಹಿಡಿದುಕೊಂಡು ಹೋದದ್ದು ನನ್ನ ಮಾತಿನಿಂದ. ನಿನ್ನಿಂದಲ್ಲ. ಬೆಟ್ಟದವರು ಇಷ್ಟು ವರ್ಷ ನಿನ್ನನ್ನು ಬೈದುಕೊಂಡರು, ನಾನು ಕೇಳಿಸಿಕೊಂಡು ಸುಮ್ಮನಿದ್ದೆ —

ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ಊರವರೇ ಕಾಡು ಕಾಯುವ ಸಮಿತಿಗಳ ಕೆಲಸಕ್ಕೆಂದು ಮದರಾಸಿನ ನುಂಗಂಬಾಕ್ಕಂ ಆಫೀಸಿನಿಂದ ಕನ್ನಡನಾಡಿನ ಗಡಿಯ ಬೆಟ್ಟಗಳಿಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ನಾನು ನಿನಗಿಂತ ಮೊದಲು ಸೇರಿದವಳು. ಆದರೆ ನಮ್ಮ ಮನೆ ತಲೆಮಾರುಗಳಿಂದ ಮದರಾಸಿನದು. ನನ್ನ ಕನ್ನಡ ಕೇಳಿದರೆ ಹಾಡಿಯ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾನು ಅವರಿಗೆ ತಮಿಳಮ್ಮ. ನಿನ್ನ ಉಡುಪಿ ಕಡೆಯ ಮಾತು ಅವರಿಗೆ ಇನ್ನೂ ವಿಚಿತ್ರ, ಆದರೂ ನೀನು ಮಗಳು. ಅಣ್ಣಾ ನಗರದ ಹೋಟೆಲಿನವರ ಹುಡುಗಿ ನೀನು, ಅವರ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಮುದ್ದೆ ತಿರುವುತ್ತಿದ್ದೆ. ನೋಡುತ್ತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಡಿನೊಳಗೆ ಬಂದೂಕು ಹಿಡಿದ ತಂಡ, ಅವರನ್ನು ಹುಡುಕುವ ಪೊಲೀಸ್ ಪಡೆ. ನಡುವೆ ಈ ಜನ. ಅಂಥದರಲ್ಲೂ ಊರವರು ಕಾಡು ಚಿಗುರಲೆಂದು ಪ್ರತಿವರ್ಷ ಒಂದೊಂದು ಇಳಿಜಾರನ್ನು ಮುಚ್ಚುತ್ತಿದ್ದರು. ಅಲ್ಲಿ ದನ ಬಿಡುವಂತಿಲ್ಲ, ಸೌದೆ ಕಡಿಯುವಂತಿಲ್ಲ. ಮುಚ್ಚುವ ದಿನ ಅಂಚಿನ ಬಂಡೆಯ ಮೇಲೆ ರಾಗಿಹಿಟ್ಟು, ಬೆಲ್ಲ ಇಟ್ಟು ತಿರುಗಿ ನೋಡದೆ ಬರಬೇಕು — ಕಾಡಿನ ದೇವರ ಪಾಲು ಅದು. ಹೊರಗಿನವರಿಗೆ ಹೇಳುವಂತಿಲ್ಲ. ಸಮಿತಿಯ ಹಿರಿಯ ಕೇತಜ್ಜ ನಿನಗೊಬ್ಬಳಿಗೇ ಹೇಳಿದ್ದ. ನೀನು ಬಸ್ಸಿನಲ್ಲಿ ತಡೆಯಲಾರದೆ ನನ್ನ ಕಿವಿಗೆ ಹಾಕಿದೆ, ಯಾರಿಗೂ ಹೇಳಬೇಡ ಮಾರಾಯ್ತಿ ಎಂದೆ. ನಾನು ಹೂಂ ಎಂದೆ. ಆ ಮುದುಕ ನನಗೇಕೆ ಹೇಳಲಿಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿ.

ಪಡೆಯ ಅಧಿಕಾರಿ ಆಫೀಸಿಗೆ ಬಂದ ದಿನ ನೀನು ರಜೆಯಲ್ಲಿದ್ದೆ. ಬಂದೂಕಿನವರಿಗೆ ಊರವರು ಊಟ ಕೊಡುತ್ತಾರೆಯೇ ಎಂದು ಮರ್ಯಾದೆಯಿಂದಲೇ ಕೇಳಿದ. ಇಲ್ಲ ಎಂದಿದ್ದರೆ ಕಾಫಿ ಕುಡಿದು ಎದ್ದು ಹೋಗುತ್ತಿದ್ದ. ನಾನು ತಮಿಳಿನಲ್ಲಿ ಹೇಳಿದೆ:

"ಬಂಡೆ ಮೇಲೆ ರಾಗಿ, ಬೆಲ್ಲ ಇಡ್ತಾರೆ ಸಾರ್. ಯಾರಿಗೆ ಅಂತ ಸುಮತಿಗೇ ಗೊತ್ತು."

ಯಾರಿಗೆಂದು ನನಗೂ ಗೊತ್ತಿತ್ತು. ಪೊಲೀಸರು ನಿನ್ನನ್ನು ಬೆಟ್ಟ ಹತ್ತದಂತೆ ತಡೆದರೆ ಸಾಕು ಎಂದುಕೊಂಡಿದ್ದೆ. ಅವರು ನಿನ್ನನ್ನು ಕೇಳಲೇ ಇಲ್ಲ, ನೇರವಾಗಿ ಹಾಡಿಗೆ ಹೋಗಿ ಸಮಿತಿಯ ಹಿರಿಯನನ್ನೇ ಹಿಡಿದರು.

ಕೇತಜ್ಜ ವಾಪಸು ಬಂದಾಗ ಎಡಗಾಲು ಊರಲು ಆಗುತ್ತಿರಲಿಲ್ಲ. ಇಬ್ಬರೂ ನೋಡಲು ಹೋದೆವು. ನಿನ್ನ ಮುಖ ನೋಡದೆ ಹೇಳಿದ: "ಇನ್ನು ಬರಬ್ಯಾಡ ಮಗಳೇ."

ಇವಳಿಗೂ ಹೇಳಿದ್ದೆ ಎಂದು ನೀನು ಅಲ್ಲಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಬಸ್ಸಿನಲ್ಲಿ ಮಾತ್ರ, ನೀನೇನಾದರೂ ಹೇಳಿದೆಯಾ ಎಂದು ಮೆಲ್ಲಗೆ ಕೇಳಿದೆ. ನಿನ್ನ ತಲೆ ಮುಟ್ಟಿ ನಾನಲ್ಲ ಎಂದು ಆಣೆ ಇಟ್ಟೆ. ನೀನು ನಂಬಿದೆ — ಹೇಗೆ ನಂಬಿದೆಯೋ! ಆಮೇಲೆ ಕೆಲಸ ಬಿಟ್ಟು ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತೆ. ಅತ್ತ ಹೆದರಿದ ಜನ ಕಾವಲಿಗೆ ಹೋಗುವುದನ್ನೇ ಬಿಟ್ಟರು. ಮುಚ್ಚಿದ್ದ ಇಳಿಜಾರನ್ನು ಮರಗಳ್ಳರು ಬೋಳಿಸಿದರು. ಬೆಟ್ಟದ ಕೆಲಸದಲ್ಲಿ ನಿನ್ನ ಜಾಗ ನನಗೆ ಸಿಕ್ಕಿತು. ಅಲ್ಲಿ ನಾನು ಈಗಲೂ ತಮಿಳಮ್ಮನೇ.

ಕೇತಜ್ಜ ಈಗಿಲ್ಲ. ಅವನ ಮಗಳು ರಂಗಮ್ಮ ಮತ್ತೆ ಸಮಿತಿ ಕೂಡಿಸುತ್ತಿದ್ದಾಳೆ. ಈ ಭಾನುವಾರ ಹೋಗಿ, ಎಲ್ಲರೂ ಸೇರಿದ ಕಡೆ ಹೇಳುತ್ತೇನೆ. ಹೇಳಿದ ಮೇಲೆ ಅವರು ನನ್ನನ್ನು ಮೆಟ್ಟಿಲು ಹತ್ತಿಸುವುದಿಲ್ಲ, ನಿನ್ನನ್ನು ಮಗಳೇ ಎಂದು ಕರೆಸಿಕೊಳ್ಳುತ್ತಾರೆ. ಅದನ್ನು ನೆನೆದರೆ — ನಾಚಿಕೆಗೆಟ್ಟವಳು ನಾನು — ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಲಿ. ಹೇಳಿಯೇ ಬರುತ್ತೇನೆ.