ಮೈಕಿನಲ್ಲಿ ಅಂದ ಮಾತು

ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯಲ್ಲಿ ಒಂದು ಪೆಟ್ರೋಲ್ ಪಂಪ್ ಇದೆ. ಅದರ ಮಾಲಕರು ತಲೆಗೆ ಹಳದಿ ಪಟಕ ಸುತ್ತಿ, ಯಾವುದೋ ಕ್ಷೌರದಂಗಡಿಯಿಂದ ತಂದ ತಿರುಗುವ ಕುರ್ಚಿಯಲ್ಲಿ ಬೇವಿನ ನೆರಳಿಗೆ ಕೂತಿರುತ್ತಾರೆ. ಕೈಯಲ್ಲಿ ಮೈಕು. ಬಂದವರನ್ನೆಲ್ಲ ಮಾತಾಡಿಸುವುದು ಅದರಲ್ಲೇ.

"ಅಕ್ಕಾರ, ಸೆರಗ ಗಾಲ್ಯಾಗ ಸಿಕ್ಕೀತ, ನೋಡ್ಕೊರಿ!"

"ಏ ದೋಸ್ತ, ಬೀಡಿ ಆರ್ಸು. ನಿನ್ನ ಜೋಡಿ ನಮ್ಮನ್ನೂ ಮ್ಯಾಲ ಕರ್ಕೊಂಡ ಹೋಗಬ್ಯಾಡ!"

ಜನ ನಗುತ್ತಾರೆ. ನಾನೂ ಎಷ್ಟೋ ವರ್ಷ ನಕ್ಕಿದ್ದೇನೆ.

ನಾನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಟ್ರ್ಯಾಕ್ಟರ್ ನನ್ನದೇ, ದುಡಿದು ತಗೊಂಡದ್ದು. ಹೋದ ಹಂಗಾಮಿನಲ್ಲಿ ಐಗಳಿಯಿಂದ ಕಾರ್ಖಾನೆಗೆ ಕಬ್ಬು ಎಳೆಯುವಾಗ, ಎರಡು ಖೇಪಿಗೆ, ಅಂದರೆ ಎರಡು ಸಲ ಹೋಗಿಬರಲು, ಸಾಕಾಗುತ್ತಿದ್ದ ಡೀಸೆಲ್ ಒಂದೂವರೆಗೇ ಮುಗಿಯತೊಡಗಿತು. ಒಂದು ದಿನವಲ್ಲ, ಮೂರು ದಿನ. ಪಂಪಿನಲ್ಲೇ ಕಡಿಮೆ ಹಾಕುತ್ತಾರೇನೋ ಎನಿಸಿತು. ಪಂಪಿನಲ್ಲಿ ಐದು ಲೀಟರಿನ ಗೆರೆಯಿರುವ ಅಳತೆಯ ಪಾತ್ರೆ, ಮಾಪ, ಇಟ್ಟಿರುತ್ತಾರೆ. ಗಿರಾಕಿ ಕೇಳಿದರೆ ಅದಕ್ಕೆ ಹಾಕಿ ತೋರಿಸಬೇಕು. ಇದು ಎಲ್ಲ ಡ್ರೈವರುಗಳಿಗೂ ಗೊತ್ತು, ಕೇಳುವವರು ಕಡಿಮೆ. ನಾನು ಕೇಳಿದೆ.

ಮಾಲಕರು ಮಾಪ ತರಿಸಿದರು. ಡೀಸೆಲ್ ಸರಿಯಾಗಿ ಗೆರೆಗೆ ನಿಂತಿತು.

"ತಪ್ಪಾತ್ರಿ ಸಾವ್ಕಾರ್ರ," ಎಂದೆ, ಎಲ್ಲರಿಗೂ ಕೇಳುವಂತೆ. "ದೋಷ ನನ್ನ ಗಾಡ್ಯಾಗ ಐತಿ."

ಅಲ್ಲಿಗೆ ಮುಗಿಯಬೇಕಿತ್ತು. ಅವರು ಮೈಕು ಎತ್ತಿದರು.

"ಕೇಳ್ರಪಾ! ಆರನೇ ಇಯತ್ತೆಗೆ ಸಾಲಿ ಬಿಟ್ಟ ಓಡಿದಾವ ನನಗ ಅಳತಿ ಕಲಿಸಾಕ ಬಂದಾನ. ಗೆರಿ ಓದಾಕರ ಬರ್ತೈತೇನೋ, ಇಲ್ಲಾ ಅದನ್ನೂ ನಾನ ಓದಿ ಹೇಳ್ಲ್ಯಾ?"

ಸಾಲಿನಲ್ಲಿ ಹತ್ತು ಹನ್ನೆರಡು ಟ್ರ್ಯಾಕ್ಟರ್ ನಿಂತಿದ್ದವು. ಎಲ್ಲ ನನ್ನ ಜೊತೆ ದುಡಿಯುವವರು. ಹೋ ಎಂದು ನಕ್ಕರು. ಒಬ್ಬ ಕೆಳಗಿಳಿದು ಬಂದು, "ಮಾಸ್ತರ, ನಮಸ್ಕಾರ್ರಿ!" ಎಂದು ಕೈ ಮುಗಿದ.

ನಾನು ಶಾಲೆ ಬಿಟ್ಟು ಓಡಿದವನಲ್ಲ. ಅಪ್ಪ ಸೊಂಟ ಮುರಿದುಕೊಂಡು ಮಲಗಿದಾಗ, ತಂಗಿಯರ ಹೊಟ್ಟೆಗಾಗಿ ಹೊಲಕ್ಕೆ ಇಳಿದವನು. ಆರನೇ ತರಗತಿಗೆ ಬಿಟ್ಟೆ ಎಂದು ಅವರಿಗೆ ಹೇಳಿದವನೂ ನಾನೇ. ಅದೇ ಬೇವಿನ ಕೆಳಗೆ ಚಹಾ ಕುಡಿಯುತ್ತ, ಹಿರಿಯಣ್ಣನೆಂದು ತಿಳಿದು ಹೇಳಿದ್ದೆ.

ಡೀಸೆಲ್ ಪೈಪು ಸೋರುತ್ತಿತ್ತು. ಮರುದಿನ ಹುಡುಕಿ ಸರಿಮಾಡಿಕೊಂಡೆ. ನಂತರ ನೆಟ್ಟಗೆ ಪಂಪಿಗೆ ಹೋದೆ.

"ಸಾವ್ಕಾರ್ರ, ನನ್ನ ತಪ್ಪ ನಾ ಮಂದ್ಯಾಗ ಒಪ್ಪೇನಿ. ನಿಮ್ಮದು ನೀವು ಒಪ್ರಿ."

ಅವರು ಮೈಕು ಬಂದ್ ಮಾಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಚ್ಯಾಷ್ಟಿ ಮಾಡಿದ್ನೋ ತಮ್ಮಾ, ತಪ್ಪಾತು. ಮನಸಿಗೆ ಹಚ್ಕೋಬ್ಯಾಡ. ಚಾ ಕುಡಿ."

"ಇದನ್ನ ಮೈಕಿನ್ಯಾಗ ಹೇಳ್ರಿ."

"ಹುಚ್ಚದೀಯೇನಲೇ? ನನ್ನ ಮರ್ಯಾದಿ ಏನಾಗಬೇಕ?"

ಅವರ ಮರ್ಯಾದೆಯಂತೆ! ನನ್ನದು ಏನು, ಹಾದಿಯಲ್ಲಿ ಬಿದ್ದದ್ದೇ? ಚಹಾ ಮುಟ್ಟದೆ ಬಂದೆ.

ಈಗ ಸುತ್ತು ಹಾಕಿ ಬೇರೆ ಪಂಪಿಗೆ ಹೋಗುತ್ತೇನೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಸುಳ್ಳೇಕೆ ಹೇಳಲಿ, ಬೇಜಾರಾಗುತ್ತದೆ. "ಇಷ್ಟ ಸಣ್ಣ ಮಾತಿಗೆ ಎಷ್ಟ ಹಠ ರೀ ನಿಮ್ಮದು?" ಎನ್ನುತ್ತಾಳೆ ಹೆಂಡತಿ. ಸಣ್ಣದಾಗಿದ್ದರೆ ಅವರು ಅದನ್ನು ಎಲ್ಲರೆದುರು ಹೇಳಿ ಮುಗಿಸಬಹುದಿತ್ತಲ್ಲ. ಹೇಳುವ ತನಕ ನನ್ನ ಗಾಡಿ ಆ ಪಂಪಿಗೆ ಹೊರಳುವುದಿಲ್ಲ.