ಪಾರ್ಕಿನಲ್ಲೂ ಅದೇ ನೂಲು

ಗೆಳೆಯರೇ, ಭುಜದ ನೋವಿಗೆ ಮದ್ದು ಹುಡುಕಿಕೊಂಡು ಹೋದವನ ಪಾಡು ಕೇಳಿ. ನಮ್ಮದು ರಾಮನಗರ, ಕಸುಬು ರೇಷ್ಮೆ ರೀಲಿಂಗ್. ಗೂಡಿನಿಂದ ನೂಲು ತೆಗೆದೂ ತೆಗೆದೂ ನನ್ನ ಬಲಗೈ ಮೇಲೇಳುತ್ತಿಲ್ಲ. ತೈ ಚಿ ಎಂಬ ಚೀನೀ ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ ಎಂದು ಮಗಳು ಇವತ್ತು ಬೆಳಿಗ್ಗೆ ಪಾರ್ಕಿಗೆ ಅಟ್ಟಿದಳು.

ಕಲಿಸುವವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರು. "ವಸಂತ ಅಂದ್ರೆ ಲಿವರ್ ಕಾಲ ಅಂತಾರೆ ಚೀನಾದ ವೈದ್ಯರು. ಕೋಪ ಬಂದ್ರೆ ಲಿವರ್ ಕೆಡುತ್ತಂತೆ, ಯಾರೂ ಕೋಪ ಮಾಡ್ಕೋಬೇಡಿ," ಎಂದರು. ಎಲ್ಲರೂ ತಲೆಯಾಡಿಸಿದೆವು. ಆಮೇಲೆ ಕೈ ಮುಂದೆ ಚಾಚಿಸಿ, "ಕಣ್ಣು ಮುಚ್ಚಿ. ಗೂಡಿನಿಂದ ರೇಷ್ಮೆ ಎಳೆ ತೆಗೀತಾ ಇದೀವಿ ಅಂದ್ಕೊಳ್ಳಿ. ನಿಧಾನ, ಎಳೆ ಕಿತ್ತೋಗ್ಬಾರ್ದು!" ಎಂದರು.

ನಾನು ಕಣ್ಣು ಬಿಟ್ಟೆ. "ಸಾರ್, ಅದನ್ನ ಮಾಡಿ ಮಾಡೀನೇ ಭುಜ ಹೋಗಿರೋದು."

"ನೋಡಿ, ಕೋಪ ಬಂತು," ಎಂದರು.

ಶೆಡ್ಡಿಗೆ ಬಂದು, ಜೊತೆಗೆ ಕೆಲಸ ಮಾಡುವ ಜಯಮ್ಮನಿಗೆ, "ರೇಷ್ಮೆ ಎಳೆಯೋ ಹಾಗೆ ಕೈಯಾಡಿಸಿದ್ರೆ ಆರೋಗ್ಯವಂತೆ," ಎಂದೆ. ಅವರು ಗೂಡು ಬೇಯುವ ಬಿಸಿನೀರಿನಿಂದ ಕೈ ಮೇಲೆತ್ತದೆಯೇ, "ಅಂಗಾದ್ರೆ ನಾವೆಲ್ಲಾ ನೂರು ವರ್ಸ ಬದುಕ್ತೀವಿ ಬುಡಿ ಭಾಯ್," ಎಂದರು.

ನಾನು ಪಕ್ಕದಲ್ಲಿ ಕೂತು ಎಡಗೈಯಲ್ಲಿ ನೂಲು ತೆಗೆದೆ. ಇಲ್ಲಿ ಕಣ್ಣು ಮುಚ್ಚಿ ಏನನ್ನೂ ಅಂದುಕೊಳ್ಳುವ ಕಷ್ಟವಿರಲಿಲ್ಲ.