ಚೌಕಾಸಿ ಆರಿಸಿಕೊಟ್ಟ ಲ್ಯಾಪ್‌ಟಾಪುಗಳು

ಚಿಕ್ಕಪ್ಪನ ಮಗಳನ್ನು ನಾವೆಲ್ಲ ಚೌಕಾಸಿ ಎಂದೇ ಕರೆಯುತ್ತಿದ್ದೆವು. ಔಷಧಿ ಅಂಗಡಿಯಲ್ಲೂ ಬೆಲೆ ಇಳಿಸಲು ನೋಡುವ ಹುಡುಗಿ ಅವಳು. ಕಟ್ಟಡಗಳ ನಕ್ಷೆ ಬಿಡಿಸುವ ಕೋರ್ಸಿಗೆ ಸೇರಿದ್ದಳು. ಎರಡನೇ ವರ್ಷದಿಂದ ಎಲ್ಲರೂ ಸ್ವಂತ ಲ್ಯಾಪ್‌ಟಾಪ್ ತರಬೇಕೆಂದು ಕಾಲೇಜಿನವರು ಹೇಳಿದರು. ಚಿಕ್ಕಪ್ಪ ಸರಕು ವ್ಯಾನಿನ ಚಾಲಕ. ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು.

"ಆಗ್ಲಿ, ಕೊಡ್ಸೋಣ. ಆದ್ರೆ ನಾಲ್ಕು ಕಡೆ ನೋಡಿ ಆರಿಸು," ಎಂದ ಚಿಕ್ಕಪ್ಪ.

ಅಷ್ಟು ಹೇಳಿದ್ದೇ ಸಾಕಾಯಿತು. ಕಾಲೇಜು ಬಿಟ್ಟೊಡನೆ ಊರಿನ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗುವಳು. ಒಂದೊಂದನ್ನೂ ಎತ್ತಿ ತೂಕ ನೋಡುವಳು, ಕೀಲಿಗಳನ್ನು ಒತ್ತುವಳು, ಫ್ಯಾನಿನ ಸದ್ದಿಗೆ ಕಿವಿಗೊಡುವಳು. ಪರದೆಯ ಥಳಕಿಗೆ ಮರುಳಾಗಬಾರದು, ಮುಂದೆ ಮೆಮೊರಿ ಹೆಚ್ಚಿಸಿಕೊಳ್ಳಲು ಜಾಗವಿರಬೇಕು ಎಂದು ನನಗೂ ಪಾಠ ಹೇಳಿದಳು. ಕೊನೆಗೆ ಹಿಂದಿನ ವರ್ಷದ ಬೂದುಬಣ್ಣದ್ದೊಂದು ಅವಳ ಮನಸ್ಸಿಗೆ ಬಂತು. ನೋಡಲು ಸಪ್ಪೆ, ಆದರೆ ನಕ್ಷೆಯ ಕೆಲಸಕ್ಕೆ ಧಾರಾಳ ಸಾಕು, ಬೆಲೆಯೂ ಕೈಗೆಟುಕುವಂಥದ್ದು.

ಅವಳ ಜಾಣತನದ ಸುದ್ದಿ ತರಗತಿಗೆಲ್ಲ ಹಬ್ಬಿತು. ಹುಡುಗಿಯರು ತಮ್ಮ ತಮ್ಮ ಅಪ್ಪಂದಿರನ್ನು ಕರೆತಂದರು. ಇವಳೇ ಆರಿಸಿದಳು, ಇವಳೇ ಬೆಲೆ ಇಳಿಸಿದಳು, ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಬ್ಯಾಗನ್ನೂ ಪುಕ್ಕಟೆ ಕೊಡಿಸಿದಳು.

"ಏನಮ್ಮಾ, ನನ್ನ ಅಂಗಡಿ ಮುಚ್ಚಿಸ್ತೀಯಾ?" ಎಂದು ಮಾಲೀಕ ಬಾಯಿ ತುಂಬ ನಗುತ್ತಿದ್ದ.

ತನ್ನದನ್ನು ಕೊಳ್ಳಬೇಕೆಂದಿದ್ದ ವಾರವೇ ಅವಳ ಅಣ್ಣನ ಬೈಕು ಕೈಕೊಟ್ಟಿತು. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ ಅವನದು. ಊಟದ ಹೊತ್ತಿನಲ್ಲಿ ನಾನೂ ಅಲ್ಲಿದ್ದೆ. ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ಈ ಸಲ ಬೈಕ್ ತಗೊಳ್ಳೋಣ. ನಿಂದು ಆಮೇಲೆ."

"ಆಮೇಲೆ ಅಂದ್ರೆ ಯಾವಾಗಪ್ಪಾ? ಕ್ಲಾಸ್ ಶುರುವಾಗೇ ಹೋಯ್ತು."

"ಬೈಕು ದುಡಿಯುತ್ತೆ. ನಿನ್ನ ಪೆಟ್ಟಿಗೆ ಏನ್ ದುಡಿಯುತ್ತೆ?"

ಚಿಕ್ಕಮ್ಮ ಅರ್ಧ ಊಟಕ್ಕೇ ಎದ್ದು ಹೊಲಿಗೆ ಯಂತ್ರದ ಮುಂದೆ ಕುಳಿತಳು. ಊರಿನವರಿಗೆಲ್ಲ ಬೆಲೆ ಇಳಿಸಿಕೊಟ್ಟವಳು ಸ್ವಂತ ಅಪ್ಪನ ಜೊತೆ ಚೌಕಾಸಿಗಿಳಿಯದೆ ಅವನ ತಟ್ಟೆಗೆ ಸಾರು ಬಡಿಸಿದಳು.

ಕಾಲೇಜಿನ ಲ್ಯಾಬಿಗೆ ಸಂಜೆಯಾಗುತ್ತಲೇ ಬೀಗ ಬೀಳುತ್ತಿತ್ತು. ಅವಳ ನಕ್ಷೆಗಳು ಅರ್ಧಕ್ಕೇ ನಿಲ್ಲತೊಡಗಿದವು. ಭಾನುವಾರ ಮಾತ್ರ ಲ್ಯಾಪ್‌ಟಾಪ್ ಕೊಡುತ್ತೀಯಾ ಎಂದು ಪಕ್ಕದ ಗೆಳತಿಯನ್ನು ಕೇಳಿದಳು.

"ಬೇಜಾರ್ ಮಾಡ್ಕೋಬೇಡ ಕಣೇ. ಯಾರಿಗೂ ಕೊಡಬೇಡ ಅಂದಿದ್ದಾರೆ ನಮ್ಮಪ್ಪ."

"ಅದನ್ನ ಆರಿಸಿದ್ದೇ ನಾನಲ್ವೇನೇ?"

"ಆರಿಸಿದ್ದು ನೀನೇ. ತಗೊಂಡಿದ್ದು ಅಪ್ಪ ತಾನೇ?"

ಆಗ ಅಂಗಡಿಯ ಮಾಲೀಕ ಕರೆದ. "ಸಂಜೆ ಹೊತ್ತು ಬಂದು ಗಿರಾಕಿಗಳನ್ನ ನೋಡ್ಕೋ. ಆ ಬೂದು ಬಣ್ಣದ್ದನ್ನ ನಿನಗೇ ಎತ್ತಿಡ್ತೀನಿ. ಸಂಬಳದಲ್ಲಿ ಮುರಿದುಕೊಳ್ತೀನಿ."

ಅವಳು ಒಪ್ಪಿ ಸೇರಿಕೊಂಡಳು. ಬಾಕಿಯೆಲ್ಲ ತೀರುವ ತನಕ ಲ್ಯಾಪ್‌ಟಾಪ್ ಅಂಗಡಿಯ ಗಾಜಿನ ಕಪಾಟಿನಲ್ಲೇ ಇತ್ತು. ಸಂಜೆಯ ಕೆಲಸ ಮಧ್ಯಾಹ್ನಕ್ಕೆ ಜಾರಿತು, ಮಧ್ಯಾಹ್ನದ್ದು ಇಡೀ ದಿನವನ್ನು ನುಂಗಿತು. ಹಾಜರಿ ಸಾಲದೆಂದು ಕಾಲೇಜಿನವರು ಪರೀಕ್ಷೆಗೆ ಕೂರಿಸಲಿಲ್ಲ. "ಮುಂದಿನ ವರ್ಷ ಕಟ್ತೀನಿ ಬಿಡು," ಎಂದಳು ನನ್ನ ಹತ್ತಿರ. ಲ್ಯಾಪ್‌ಟಾಪ್ ಮನೆಗೆ ಬರುವ ಹೊತ್ತಿಗೆ ರಿಜಿಸ್ಟರಿನಿಂದ ಅವಳ ಹೆಸರನ್ನೇ ಹೊಡೆದುಹಾಕಿದ್ದರು. ಮನೆಯಲ್ಲಿ ಅದರಲ್ಲಿ ಅಣ್ಣ ಸಿನಿಮಾ ನೋಡುತ್ತಿದ್ದ.

ಈಚೆಗೆ ಅವರ ಮನೆಗೆ ಹೋಗಿದ್ದಾಗ, ಇನ್ನೂ ಅದೇ ಅಂಗಡಿಯಲ್ಲಿ ದುಡಿಯುತ್ತಿದ್ದ ಅವಳನ್ನು ಮತ್ತೆ ಓದಬಾರದೇ ಎಂದು ಕೇಳಿದೆ.

"ನಕ್ಷೆಯ ಸಾಫ್ಟ್‌ವೇರ್ ಈಗ ಹೊಸದು ಬಂದಿದೆ. ನನ್ನದರಲ್ಲಿ ಅದು ಓಡಲ್ಲ," ಎಂದಷ್ಟೇ ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಚಿಕ್ಕಪ್ಪನ ವ್ಯಾನಿನ ಯಜಮಾನರು ಬಂದರು. ಮಗಳು ಏನು ಮಾಡುತ್ತಿದ್ದಾಳೆಂದು ವಿಚಾರಿಸಿದರು.

"ಕಂಪ್ಯೂಟರ್ ಲೈನಲ್ಲಿದ್ದಾಳೆ," ಎಂದ ಚಿಕ್ಕಪ್ಪ, ಎದೆಯುಬ್ಬಿಸಿ.

ಒಳಗಿನಿಂದ ಬಂದವಳು ಅಪ್ಪನ ಮುಖವನ್ನು ಕ್ಷಣ ನೋಡಿದಳು. ಆಮೇಲೆ ಯಜಮಾನರತ್ತ ತಿರುಗಿ, ಅಂಗಡಿಯಲ್ಲಿ ಗಿರಾಕಿಗಳನ್ನು ಮಾತನಾಡಿಸುವ ದನಿಯಲ್ಲಿ ಕೇಳಿದಳು:

"ನಿಮ್ಮ ಮನೇಲಿ ಓದೋ ಮಕ್ಕಳಿದ್ದಾರಾ ಸರ್?"